ಹೊಸ ನೆಲಕ್ಕೆ ಮೊದಲು ನೀರು ಸುರಿದು ನೋಡಿ

ಹರಿಹರದ ಪಕ್ಕದ ಗುತ್ತೂರಿನಲ್ಲಿ ನಮ್ಮದು ಅಜ್ಜನ ಕಾಲದ ಮನೆ. ರಮಝಾನ್‌ಗೆ ಮುಂಚೆ ಹಳೆಯ ಕಲ್ಲಿನ ನೆಲದ ಮೇಲೆಯೇ ಟೈಲ್ಸ್ ಹಾಕಿಸಿದೆವು. ನೋಡಲು ಕನ್ನಡಿಯಂತಿತ್ತು. ಆದರೆ ವುಝೂ ಮಾಡಿದ ನೀರು ಮೋರಿಗೆ ಹೋಗದೆ ಬಚ್ಚಲ ಬಾಗಿಲಲ್ಲಿ ನಿಲ್ಲತೊಡಗಿತು. ಒಂದು ದಿನ ಫಜ್ರ್ ವೇಳೆ ಅಮ್ಮ ಅಲ್ಲೇ ಜಾರಿಬಿದ್ದರು. ಮಣಿಕಟ್ಟು ಮುರಿಯಿತು. ಕೈಯೂರಿ ಸುಜೂದ್ ಮಾಡಲಾಗದೆ ಆರು ವಾರ ಕುರ್ಚಿಯಲ್ಲೇ ನಮಾಝ್ ಮಾಡಿದರು.

ಏರುಪೇರಾದ ನೆಲ ಬರೀ ಅಂದದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರಿಗೆ ಟೈಲ್ಸ್ ಅಂಚು ತಗುಲಿದರೂ ಗೊತ್ತಾಗುವುದಿಲ್ಲ. ಚಿಕ್ಕ ಗಾಯವೇ ಹುಣ್ಣಾಗುತ್ತದೆ. ನೀರು ನಿಂತ ಸಂದುಗಳಲ್ಲಿ ಬೂಷ್ಟು ಕಟ್ಟುತ್ತದೆ, ಸದಾ ಒದ್ದೆಯಾದ ಕಾಲ್ಬೆರಳ ಸಂದು ಕೆಡುತ್ತದೆ.

ಹಳೆಯ ಮನೆಗಳಲ್ಲಿ ಹೀಗಾಗಲು ಕಾರಣವಿದೆ. ಒಂದೊಂದು ಕೋಣೆ ಒಂದೊಂದು ಕಾಲದಲ್ಲಿ ಕಟ್ಟಿದ್ದು. ಒಂದರ ನೆಲ ಇನ್ನೊಂದರ ಮಟ್ಟಕ್ಕೆ ಇರುವುದಿಲ್ಲ. ಎರೆಮಣ್ಣಿನ ಜಾಗವಾದರೆ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದೇ ಮಣ್ಣನ್ನು ತುಂಬಿ ಟೈಲ್ಸ್ ಕೂರಿಸಿದರೆ ಬಿರುಕು ಖಚಿತ.

ಆದ್ದರಿಂದ ಕೆಲಸಕ್ಕೆ ಮೊದಲು ಅಲುಗಾಡುವ ಹಳೆಯ ಕಲ್ಲುಗಳನ್ನು ಕೀಳಿಸಿ. ಗರಸನ್ನು ಅರ್ಧ ಅಡಿಯಂತೆ ಹಾಕಿಸಿ, ನೀರು ಹೊಡೆದು, ಗಟ್ಟಿಯಾಗಿ ಬಡಿಸಿ. ಅದರ ಮೇಲೆ ಕಾಂಕ್ರೀಟ್ ಇರಲಿ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಎಲ್ಲ ಕೋಣೆಗಳ ಮಟ್ಟ ಹಿಡಿದು ಗೋಡೆಗೆ ಗುರುತು ಹಾಕಿಸಿ. ಬಚ್ಚಲ ನೆಲ ಮೋರಿಯ ಕಡೆಗೆ ನಾಲ್ಕು ಅಡಿಗೆ ಒಂದು ಇಂಚಿನಂತೆ ಇಳಿಯಬೇಕು. ಅಲ್ಲಿಗೆ ಹೊಳಪಿನ ಟೈಲ್ಸ್ ಬೇಡ, ಒರಟು ಮೈಯದ್ದೇ ಇರಲಿ.

ಕೆಲಸ ಮುಗಿದು ನೆಲ ಪೂರ್ತಿ ಗಟ್ಟಿಯಾದ ಮೇಲೆ, ಬಾಕಿ ಹಣ ಕೊಡುವ ಮೊದಲು ಮೂರು ಪರೀಕ್ಷೆ ಮಾಡಿ. ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿಯಿರಿ. ಎಲ್ಲೂ ನಿಲ್ಲದೆ ಹರಿಯಬೇಕು. ನಾಣ್ಯದಿಂದ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲ. ಬರಿಗಾಲಲ್ಲಿ ನಿಧಾನ ನಡೆಯಿರಿ. ಅಂಚು ಎದ್ದಿದ್ದರೆ ಪಾದಕ್ಕೇ ತಿಳಿಯುತ್ತದೆ.

ಈಗಾಗಲೇ ಕೆಟ್ಟಿದ್ದರೆ ಇಡೀ ನೆಲ ಒಡೆಯಬೇಕಿಲ್ಲ. ನೀರು ನಿಲ್ಲುವ ಜಾಗದ ಟೈಲ್ಸ್ ಮಾತ್ರ ಕಿತ್ತು ಮತ್ತೆ ಕೂರಿಸಬಹುದು. ಎರಡು ಕೋಣೆಗಳ ನಡುವಿನ ಚಿಕ್ಕ ಮೆಟ್ಟಿಲಿಗೆ ಸಿಮೆಂಟಿನ ಇಳಿಜಾರು ಕಟ್ಟಿಸಿ, ಬೇರೆ ಬಣ್ಣ ಬಳಿಯಿರಿ. ಬಚ್ಚಲ ಗೋಡೆಗೆ ಹಿಡಿಕೆ, ದಾರಿಗೆ ರಾತ್ರಿ ದೀಪ ಇರಲಿ.

ನಾವೂ ಕೊನೆಗೆ ಮಾಡಿಸಿದ್ದು ಇಷ್ಟೇ: ಎಂಟು ಟೈಲ್ಸ್ ಬದಲಾವಣೆ, ಒಂದು ಹಿಡಿಕೆ. ಎರಡು ದಿನದ ಕೆಲಸ. ಆ ಒಂದು ಬಕೆಟ್ ನೀರನ್ನು ಮೊದಲೇ ಸುರಿದಿದ್ದರೆ ಅಮ್ಮನ ಕೈ ಉಳಿಯುತ್ತಿತ್ತು.