ಗೌಡರು ಹೇಳಿದರೆ ಒಪ್ಪಿಗೆಯೇ?

ಒಂದು ಸನ್ನಿವೇಶ ಊಹಿಸಿಕೊಳ್ಳಿ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ರೈತರು ರೊಚ್ಚಿಗೆದ್ದರು. ವಾಹನಗಳಿಗೆ ಬೆಂಕಿ ಬಿತ್ತು, ಪೊಲೀಸ್ ಕೇಸುಗಳೂ ಆದವು. ಆ ನಷ್ಟ ಬೆಳೆಗಾರರ ಮನಸ್ಸಿನ ಮೇಲೆ ಏನು ಮಾಡಿತೆಂದು ತಿಳಿಯಲು ಮನಃಶಾಸ್ತ್ರದ ಸಂಶೋಧಕರೊಬ್ಬರು ಹತ್ತಿರದ ಅಗಡಿಗೆ ಬರುತ್ತಾರೆ. ನಿದ್ದೆ ಬರುತ್ತದೆಯೇ, ಸಿಟ್ಟು ಬರುತ್ತದೆಯೇ, ಬದುಕು ಬೇಸರವಾಗಿದೆಯೇ ಎಂಬ ಪ್ರಶ್ನೆಗಳು. ಕಟ್ಟೆಯ ಮೇಲೆ ಕುಳಿತ ರೈತರು, "ಬರಕೋರಿ ಸಾಹೇಬ್ರ, ಗೌಡ್ರು ಹೇಳ್ಯಾರಲ್ಲ" ಎನ್ನುತ್ತಾರೆ.

ಇದು ಒಪ್ಪಿಗೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಊರ ಹಿರಿಯರ ಅನುಮತಿ ಬೇಕಾಗಬಹುದು, ಆದರೆ ಅದು ವ್ಯಕ್ತಿಯ ಒಪ್ಪಿಗೆಗೆ ಬದಲಾಗದು. ಅಧ್ಯಯನ ಯಾಕೆ, ಎಷ್ಟು ಹೊತ್ತು, ತೊಂದರೆ ಏನಾಗಬಹುದು, ನಡುವೆಯೇ ಎದ್ದು ಹೋಗಬಹುದು ಎಂಬುದನ್ನೆಲ್ಲ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಓದು ಬಾರದಿದ್ದರೆ ಹೆಬ್ಬೆಟ್ಟಿನ ಜೊತೆ ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯ ಸಹಿ ಬೇಕು. ಮಕ್ಕಳಾದರೆ ಪಾಲಕರ ಒಪ್ಪಿಗೆ ಸಾಲದು. 7 ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು.

ಇಷ್ಟೊಂದು ಕಟ್ಟುನಿಟ್ಟು ಯಾಕೆ? 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ, ನೆನಪಿನ ಶಕ್ತಿಯ ಅಧ್ಯಯನವೆಂದು ಹೇಳಿ ಜನರಿಂದ ಇನ್ನೊಬ್ಬರಿಗೆ ವಿದ್ಯುತ್ ಶಾಕ್ ಕೊಡಿಸಿದರು. ಶಾಕ್ ಸುಳ್ಳು. ಆದರೆ ಕೊಟ್ಟವರಿಗೆ ಅದು ಗೊತ್ತಿರಲಿಲ್ಲ. ಹಲವರು ಬೆವರಿದರು, ನಡುಗಿದರು. ವಿಜ್ಞಾನ ಓದಿದ ನನಗೆ ಆ ಪ್ರಯೋಗ ಒಂದು ಕಾಲಕ್ಕೆ ಬಹಳ ಜಾಣತನದ್ದೆನಿಸಿತ್ತು. ಈಗ ಆ ನಡುಕವೇ ಕಣ್ಣಿಗೆ ಬರುತ್ತದೆ.

ಗುಟ್ಟು ಕಾಯುವುದು ಇನ್ನೂ ಕಷ್ಟ. ಸಾಲದ ಬಗ್ಗೆ ಮಾತನಾಡಿದ ಒಬ್ಬರ ಮುಖ ಮಸುಕು ಮಾಡಿ ನಾನೊಮ್ಮೆ ತೋರಿಸಿದ್ದೆ. ಹಿಂದೆ ಕಟ್ಟಿದ್ದ ಎತ್ತಿನ ಕೊಂಬು ನೋಡಿಯೇ ಊರವರು ಮನೆ ಗುರುತಿಸಿದರು. ತಪ್ಪು ನನ್ನದೇ. ವರದಿಯಲ್ಲೂ ಹೀಗೆಯೇ: ಹೆಸರು ತೆಗೆದು, "ಅಗಡಿಯ ಬೆಳೆಗಾರ, ಎರಡು ಎಕರೆ, ಮೂವರು ಹೆಣ್ಣುಮಕ್ಕಳು" ಎಂದು ಬರೆದರೆ ಊರಿಗೆ ಹೆಸರೇ ಬೇಕಿಲ್ಲ. ಮಾರುಕಟ್ಟೆಯ ಗಲಾಟೆಯ ದಿನ ತಾನೂ ಅಲ್ಲಿದ್ದೆ ಎಂದು ಆತ ಹೇಳಿದ್ದರಂತೂ ಆ ಒಂದು ಸಾಲು ಪೊಲೀಸರನ್ನೇ ಮನೆಗೆ ತಂದೀತು.

ಇನ್ನೊಂದು ಪ್ರಶ್ನೆ. "ಬದುಕಿ ಏನ್ ಮಾಡೂದೈತ್ರಿ" ಎಂದು ಆ ರೈತರು ಅಂದರೆ? ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋಗುವಂತಿಲ್ಲ. ಪೆನ್ನು ಕೆಳಗಿಟ್ಟು, ಅವರ ಜೊತೆ ಕುಳಿತು, ನೆರವು ಸಿಗುವಲ್ಲಿಗೆ ತಲುಪಿಸಬೇಕು. ಧಾರವಾಡದ ಮಾನಸಿಕ ಆಸ್ಪತ್ರೆಯೋ, 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಉಚಿತ ದೂರವಾಣಿ 14416 ಇರಲಿ, ಯಾರ ಬಳಿ ಕಳಿಸುತ್ತೇನೆಂದು ಸಂಶೋಧಕರು ಅಗಡಿಯ ಬಸ್ಸು ಹತ್ತುವ ಮೊದಲೇ ನೈತಿಕ ಸಮಿತಿಗೆ ಬರೆದುಕೊಟ್ಟಿರಬೇಕು.