ಒಂದೇ ಫ್ರೇಮಿನಲ್ಲಿ ಎರಡು ಕ್ಷಣ

ತೊಂಬತ್ತರ ದಶಕದ ಮದುವೆ ಕ್ಯಾಸೆಟ್ಟುಗಳನ್ನು ಈಗ ಬಹಳ ಮನೆಗಳಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದಾರೆ. ಇಳಿಸಿದ ಫೈಲನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು, ಧಾರೆಯ ದೃಶ್ಯದಲ್ಲಿ ನಿಲ್ಲಿಸಿ ನೋಡಿ. ಕುರ್ಚಿಯಲ್ಲಿ ಸುಮ್ಮನೆ ಕೂತ ಹಿರಿಯರ ಮುಖ ಸ್ವಚ್ಛವಾಗಿದೆ. ಅಕ್ಷತೆ ಎಸೆಯುತ್ತಿರುವ ಕೈಯ ಅಂಚು ಮಾತ್ರ ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡಿದೆ. ಟೇಪು ಹಾಳಾಗಿದೆ ಎಂದುಕೊಂಡು ಕೈಬಿಡುವವರೇ ಹೆಚ್ಚು. ಟೇಪೇ ಹಾಳಾಗಿದ್ದರೆ ಗೆರೆಗಳು ಹಿರಿಯರ ಮುಖವನ್ನೂ ಬಿಡುತ್ತಿರಲಿಲ್ಲ. ಅಲುಗಾಡುವುದರ ಮೇಲಷ್ಟೇ ಗೆರೆ ಕಾಣುತ್ತಿದೆಯೆಂದರೆ ಕಾರಣ ಬೇರೆ.

ಆ ಕಾರಣ ತಿಳಿಯಲು 1930ರ ದಶಕಕ್ಕೆ ಹೋಗಬೇಕು. ಸೆಕೆಂಡಿಗೆ 25 ಚಿತ್ರ ತೋರಿಸಿದರೆ ಚಲನೆಯೇನೋ ಸರಾಗವಾಗಿ ಕಾಣುತ್ತದೆ, ಆದರೆ ಪರದೆ ಮಿನುಗಿ ಕಣ್ಣಿಗೆ ಹಿಂಸೆ. ಚಿತ್ರಮಂದಿರದಲ್ಲಿ ಪ್ರೊಜೆಕ್ಟರಿನ ಶಟರ್ ಒಂದೇ ಫ್ರೇಮನ್ನು ಎರಡು ಸಲ ಬೆಳಗಿಸಿ ಈ ತೊಂದರೆಯನ್ನು ತಪ್ಪಿಸುತ್ತಿತ್ತು. ಟಿವಿಯ ಪಿಕ್ಚರ್ ಟ್ಯೂಬಿಗೆ ಚಿತ್ರವನ್ನು ಹಿಡಿದಿಟ್ಟು ಮತ್ತೆ ತೋರಿಸುವ ಶಕ್ತಿ ಇರಲಿಲ್ಲ. ಸೆಕೆಂಡಿಗೆ 50 ಪೂರ್ಣ ಚಿತ್ರ ಕಳಿಸೋಣವೆಂದರೆ ರೇಡಿಯೊ ತರಂಗಗಳಲ್ಲಿ ಎರಡರಷ್ಟು ಜಾಗ ಬೇಕು. ಜರ್ಮನಿಯ ಟೆಲಿಫುಂಕನ್‌ನಲ್ಲಿದ್ದ ಫ್ರಿಟ್ಸ್ ಶ್ರೋಟರ್, ಅಮೆರಿಕದ ಆರ್‌ಸಿಎಯಲ್ಲಿದ್ದ ರ್‍ಯಾಂಡಲ್ ಬ್ಯಾಲರ್ಡ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಒಂದು ಉಪಾಯ ಕಂಡುಕೊಂಡರು: ಮೊದಲು ಬೆಸ ಸಂಖ್ಯೆಯ ಗೆರೆಗಳನ್ನು ಕಳಿಸು, ಆಮೇಲೆ ಸಮ ಸಂಖ್ಯೆಯವನ್ನು. ಒಂದೊಂದು ಕಂತಿಗೆ ಫೀಲ್ಡ್ ಎಂದು ಹೆಸರು, ಈ ಹೆಣಿಗೆಗೆ ಇಂಟರ್‌ಲೇಸ್ ಎಂದು. 1936ರ ನವೆಂಬರಿನಲ್ಲಿ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಬಿಬಿಸಿ ಎರಡು ಪದ್ಧತಿಗಳನ್ನು ಸರದಿಯಂತೆ ಪ್ರಸಾರ ಮಾಡಿತು. ಬೇರ್ಡ್ ಕಂಪನಿಯದು 240 ಗೆರೆಗಳ ಇಡೀ ಚಿತ್ರ, ಮಾರ್ಕೊನಿ-ಇಎಂಐಯದು 405 ಗೆರೆಗಳ ಇಂಟರ್‌ಲೇಸ್ ಚಿತ್ರ. ಮರುವರ್ಷದ ಫೆಬ್ರುವರಿಯಲ್ಲೇ ಬೇರ್ಡ್ ಪದ್ಧತಿಯನ್ನು ಕೈಬಿಡಲಾಯಿತು. ನಮ್ಮ ದೂರದರ್ಶನ ಅನುಸರಿಸಿದ 625 ಗೆರೆ, 50 ಫೀಲ್ಡಿನ ಏರ್ಪಾಡು ಇದೇ ವಂಶದ್ದು. ಅದರಲ್ಲಿ ಚಿತ್ರಕ್ಕೆಂದು ಬಳಕೆಯಾಗುವ ಗೆರೆಗಳು 576.

ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾಮೆರಾ ಒಂದು ಫೋಟೊ ತೆಗೆದು ಅದನ್ನು ಎರಡು ಪಾಲು ಮಾಡುತ್ತಿರಲಿಲ್ಲ. ಬೆಸ ಗೆರೆಗಳನ್ನು ಒಮ್ಮೆ ನೋಡಿ, 1/50 ಸೆಕೆಂಡು ಬಿಟ್ಟು ಸಮ ಗೆರೆಗಳಿಗಾಗಿ ಹೊಸದಾಗಿ ನೋಡುತ್ತಿತ್ತು. ಅಕ್ಷತೆ ಎಸೆಯುವ ಕೈ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿದೆ ಎನ್ನಿ. ಅಷ್ಟರಲ್ಲಿ ಅದು ಹತ್ತು ಸೆಂಟಿಮೀಟರ್ ಸರಿದಿರುತ್ತದೆ. ನಿಮ್ಮ ಮುಂದಿರುವ ಫ್ರೇಮಿನಲ್ಲಿ ಹತ್ತು ಸೆಂಟಿಮೀಟರ್ ಅಂತರದ ಎರಡು ಕೈಗಳು ಗೆರೆ ಬಿಟ್ಟು ಗೆರೆ ಹೆಣೆದುಕೊಂಡಿವೆ. ಹಳೆಯ ಟಿವಿ ಒಂದಾದ ಮೇಲೊಂದರಂತೆ ಫೀಲ್ಡುಗಳನ್ನು ಅದರದರ ಹೊತ್ತಿಗೇ ಬಿಡಿಸುತ್ತಿದ್ದುದರಿಂದ ಸೀಳು ಕಾಣುತ್ತಿರಲಿಲ್ಲ. ಕಂಪ್ಯೂಟರ್ ಮಾನಿಟರ್ ಎರಡನ್ನೂ ಒಟ್ಟಿಗೇ ಎದುರಿಗಿಡುತ್ತದೆ. ಅದು ತಪ್ಪೇನೂ ತೋರಿಸುತ್ತಿಲ್ಲ, ಇರುವುದನ್ನೆಲ್ಲ ಒಮ್ಮೆಗೇ ತೋರಿಸುತ್ತಿದೆ.

ಎಡಿಟಿಂಗ್ ಸಾಫ್ಟ್‌ವೇರಿನ ಕಿಟಕಿಯ ಬಗ್ಗೆ ಈ ಮಾತು ಹೇಳುವಂತಿಲ್ಲ. ಸಿಸ್ಟಂ ನಿಧಾನವಾಗುತ್ತದೆಂದು ಪ್ಲೇಬ್ಯಾಕ್ ರೆಸಲ್ಯೂಶನ್ ಅರ್ಧಕ್ಕೆ ಇಳಿಸಿದರೆ ಒಂದು ಫೀಲ್ಡೇ ಬಿದ್ದುಹೋಗಬಹುದು. ಆಗ ಸೀಳೂ ಮಾಯ. ಎಲ್ಲ ಸರಿಯಾಗಿದೆಯೆಂದು ಎಕ್ಸ್‌ಪೋರ್ಟ್ ಮಾಡಿದ ಮೇಲೆ ಗೆರೆಗಳು ವಾಪಸಾಗುತ್ತವೆ. ಚಿತ್ರವನ್ನು ಕಿಟಕಿಯ ಅಳತೆಗೆ ಹೊಂದಿಸಿ ನೋಡಿದರೆ ಗೆರೆಗಳು ಕುಗ್ಗಿ, ಅಲೆಅಲೆಯಾಗಿ, ಬೇರೆಯೇ ರೋಗದಂತೆ ತೋರುತ್ತವೆ. ಪ್ರೀಮಿಯರ್ ಪ್ರೊದ ಪ್ರೋಗ್ರಾಂ ಮಾನಿಟರಿನಲ್ಲಿ ಮೊದಲ ಫೀಲ್ಡ್, ಎರಡನೆಯದು ಅಥವಾ ಎರಡೂ ಎಂದು ಆರಿಸಿಕೊಳ್ಳುವ ಅವಕಾಶವಿದೆ. ಎರಡೂ ಫೀಲ್ಡ್, ಪೂರ್ಣ ರೆಸಲ್ಯೂಶನ್, ನೂರು ಪ್ರತಿಶತ ಗಾತ್ರ: ಈ ಮೂರೂ ಇಲ್ಲದೆ ತೀರ್ಪು ಕೊಡಬೇಡಿ. ಉಲ್ಟಾ ಮೋಸವೂ ಉಂಟು. ಸೀಳಿರುವ ಫೈಲನ್ನೇ ಮನೆಯ ಟಿವಿ ಅಥವಾ ವಿಎಲ್‌ಸಿ ಪ್ಲೇಯರ್ ತಾನೇ ಸರಿಪಡಿಸಿ ಚೆಂದವಾಗಿ ತೋರಿಸಿಬಿಡಬಹುದು. ಪರೀಕ್ಷಿಸುವಾಗ ವಿಎಲ್‌ಸಿಯ ಡಿಇಂಟರ್‌ಲೇಸ್ (ಹೆಣೆದ ಗೆರೆ ಬಿಡಿಸುವ) ಆಯ್ಕೆಯನ್ನು ಆಫ್ ಮಾಡಿಡುವುದು ಕ್ಷೇಮ.

ಎರಡನೆಯ ಕಾಯಿಲೆ ನಿಲ್ಲಿಸಿ ನೋಡಿದರೆ ಸಿಕ್ಕುವುದೇ ಇಲ್ಲ. ಯಾವ ಫೀಲ್ಡ್ ಮೊದಲು ಎಂಬುದರಲ್ಲಿ ಎಡವಟ್ಟಾದರೆ ನಡೆಯುವ ಮನುಷ್ಯ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ತೊನೆಯುತ್ತಾನೆ. ಮಿನಿ ಡಿವಿ ಟೇಪಿನಲ್ಲಿ ಕೆಳಗಿನ, ಅಂದರೆ ಸಮ ಗೆರೆಗಳ, ಫೀಲ್ಡ್ ಮೊದಲು. 1080ಐ ಎಚ್‌ಡಿಯಲ್ಲಿ ಮೇಲಿನದು. ವಿಎಚ್‌ಎಸ್ ಆದರೆ ಇಳಿಸಿಕೊಂಡ ಉಪಕರಣದ ಮೇಲೆ ಹೋಗುತ್ತದೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಫೈಲಿನಲ್ಲಿ ಬರೆದಿರುವುದನ್ನು ಓದಿ ಹೇಳುತ್ತದೆ, ಆದರೆ ಬರೆದಿರುವುದೇ ತಪ್ಪಾಗಿದ್ದರೆ ಅದೇನು ಮಾಡೀತು? ನಂಬಬಹುದಾದ ಪರೀಕ್ಷೆ ಒಂದೇ. ಒಂದೊಂದು ಫೀಲ್ಡನ್ನೂ ಒಂದೊಂದು ಫ್ರೇಮಾಗಿಸಿ, ಯಾರಾದರೂ ಅಡ್ಡ ನಡೆದುಹೋಗುವ ದೃಶ್ಯವನ್ನು ಫ್ರೇಮಿನಿಂದ ಫ್ರೇಮಿಗೆ ಸರಿಸುತ್ತ ನೋಡುವುದು. ಹಿಂದಕ್ಕೆ ಜಾರಿದರೆ ಕ್ರಮ ತಿರುವುಮುರುವಾಗಿದೆ ಎಂದರ್ಥ. ಪ್ರೀಮಿಯರ್‌ನಲ್ಲಿ ಇಂಟರ್ಪ್ರೆಟ್ ಫುಟೇಜ್, ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್ ತೆರೆದು ಬದಲಿಸಬಹುದು.

ಸರಿಯಿದ್ದ ಕ್ರಮವನ್ನು ನಾವೇ ಕೆಡಿಸುವ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ವಿಎಚ್‌ಎಸ್ ಚಿತ್ರದ ಬುಡದಲ್ಲಿ ಕೆಲವು ಗೆರೆಗಳು ಚೂರುಚೂರಾಗಿ ಓಡುತ್ತಿರುತ್ತವೆ. ಟೇಪು ಓದುವ ಹೆಡ್ಡುಗಳು ಸರದಿ ಬದಲಾಯಿಸುವಾಗ ಆಗುವ ಗದ್ದಲ ಅದು. ಹಳೆಯ ಟಿವಿಯ ಚೌಕಟ್ಟಿನ ಹಿಂದೆ ಅಡಗಿರುತ್ತಿತ್ತು. ಅದನ್ನು ಮರೆಮಾಡಲು ಚಿತ್ರವನ್ನು ಕೆಳಕ್ಕೆ ಏಳು ಗೆರೆ ಸರಿಸಿದಿರಿ ಎನ್ನಿ. ಬೆಸ ಗೆರೆಗಳೆಲ್ಲ ಸಮದ ಸ್ಥಾನಕ್ಕೆ, ಸಮದವು ಬೆಸದ ಸ್ಥಾನಕ್ಕೆ ಬಂದವು. ಇಡೀ ಮದುವೆ ತೊನೆಯತೊಡಗುತ್ತದೆ. ಆರೋ ಎಂಟೋ ಗೆರೆ ಸರಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ತಿದ್ದಲಾಗದ್ದು ಒಂದಿದೆ: ಡಿಇಂಟರ್‌ಲೇಸ್ ಮಾಡುವ ಮೊದಲೇ 576 ಗೆರೆಗಳ ಚಿತ್ರವನ್ನು 1080ಕ್ಕೆ ಹಿಗ್ಗಿಸಿ ಸೇವ್ ಮಾಡುವುದು. ಹಿಗ್ಗಿಸುವಾಗ ಸಾಫ್ಟ್‌ವೇರ್ ಅಕ್ಕಪಕ್ಕದ ಗೆರೆಗಳನ್ನು ಬೆರೆಸುತ್ತದೆ. ಪಕ್ಕದ ಗೆರೆ ಬೇರೆ ಕ್ಷಣದ್ದು ಎಂಬ ಅರಿವು ಅದಕ್ಕಿಲ್ಲ. ಒಮ್ಮೆ ಬೆರೆತ ಎರಡು ಕ್ಷಣಗಳನ್ನು ಮೊದಲಿನಂತೆ ಬಿಡಿಸಿ ಕೊಡುವ ಸಾಧನ ನನಗೆ ಗೊತ್ತಿಲ್ಲ. ಚಿತ್ರವನ್ನು ತುಸು ತಿರುಗಿಸಿದರೂ, ನಡುಕ ತೆಗೆಯಲು ಸ್ಟೆಬಿಲೈಸ್ ಮಾಡಿದರೂ ಇದೇ ಗತಿ. ಗೆರೆ ಬಿಡಿಸುವ ಕೆಲಸ ಮೊದಲು, ಅಲಂಕಾರ ಆಮೇಲೆ.

ಬಿಡಿಸುವ ದಾರಿಗಳು ಹಲವು. ಒಂದು ಫೀಲ್ಡನ್ನು ಎಸೆದುಬಿಟ್ಟರೆ ಸೀಳು ಹೋಗುತ್ತದೆ, ಜೊತೆಗೆ ಅರ್ಧ ಚಿತ್ರವೂ. ಉಳಿಯುವುದು 288 ಗೆರೆ. ಎರಡನ್ನೂ ಬೆರೆಸುವ ಬ್ಲೆಂಡ್ ವಿಧಾನದಲ್ಲಿ ಮದುಮಗನಿಗೆ ನಾಲ್ಕು ಕೈ ಬರುತ್ತವೆ. ಎಷ್ಟೋ ಅಂಗಡಿಗಳು ಕೊಡುವ ಡಿವಿಡಿಗಳು ಮಬ್ಬಾಗಿರಲು ಇದೂ ಒಂದು ಕಾರಣ, ನನಗಂತೂ ಸೇರದು. ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿರುವ ಯಾಡಿಫ್ ಎಂಬ ಫಿಲ್ಟರ್ ಹಿಂದಿನ-ಮುಂದಿನ ಫೀಲ್ಡುಗಳನ್ನು ಹೋಲಿಸಿ ಕಾಣೆಯಾದ ಗೆರೆಗಳನ್ನು ಅಂದಾಜಿಸುತ್ತದೆ. ಕ್ಯೂಟಿಜಿಎಂಸಿ ಎಂಬ ಮತ್ತೊಂದು ಸಾಧನ ಇನ್ನೂ ಮುಂದೆ ಹೋಗಿ, ಪ್ರತಿ ತುಣುಕು ಎತ್ತ ಸರಿಯಿತೆಂದು ಲೆಕ್ಕ ಹಾಕುತ್ತದೆ. ಫಲಿತಾಂಶ ಸೊಗಸು, ಕಂಪ್ಯೂಟರನ್ನು ರಾತ್ರಿಯಿಡೀ ಬಿಟ್ಟು ಮಲಗುವ ತಾಳ್ಮೆ ಬೇಕು.

ಯಾವ ದಾರಿ ಹಿಡಿದರೂ 50 ಫೀಲ್ಡಿಗೆ 50 ಫ್ರೇಮ್ ಪಡೆಯಿರಿ. ಸೀಕ್ವೆನ್ಸನ್ನು 25ಕ್ಕೆ ಇಟ್ಟರೆ ಚಲನೆಯ ಅರ್ಧ ಮಾಹಿತಿ ಕಸದ ಬುಟ್ಟಿಗೆ. ಯೂಟ್ಯೂಬಿಗೆ ಏರಿಸುವವರು ಇನ್ನೊಂದು ಗಮನಿಸಬೇಕು: ಅಲ್ಲಿ 50 ಫ್ರೇಮಿನ ಸರಾಗ ಚಲನೆ 720 ಗೆರೆ ಮತ್ತು ಅದಕ್ಕೆ ಮೇಲ್ಪಟ್ಟ ಗಾತ್ರಕ್ಕಷ್ಟೇ ಸಿಗುತ್ತದೆ. ಡಿಇಂಟರ್‌ಲೇಸ್ ಆದ ಮೇಲೆ ಹಿಗ್ಗಿಸಿ ಏರಿಸಿದರೆ ಚಲನೆ ಉಳಿಯುತ್ತದೆ. ಅಮೆರಿಕದ ಬಂಧುಗಳು ಕಳಿಸಿದ ಟೇಪು ಅಲ್ಲಿನ ಎನ್‌ಟಿಎಸ್‌ಸಿ ಟಿವಿ ಪದ್ಧತಿಯದ್ದಾಗಿದ್ದು ಸೆಕೆಂಡಿಗೆ 59.94 ಫೀಲ್ಡ್ ಇರುತ್ತದೆ. ಅದಕ್ಕೆ ಬೇರೆ ಸೀಕ್ವೆನ್ಸ್ ಮಾಡಿ.

ನಿಮ್ಮ ಮದುವೆ ಕ್ಯಾಸೆಟ್ಟಿನ ಕೊನೆಯಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿದ ಕನ್ನಡ ಸಿನಿಮಾ ಇದ್ದರೆ ಅದರ ಮೇಲೆ ಈ ಯಾವ ಚಿಕಿತ್ಸೆಯನ್ನೂ ಕಣ್ಣುಮುಚ್ಚಿ ಪ್ರಯೋಗಿಸಬೇಡಿ. 24 ಫ್ರೇಮಿನ ಫಿಲ್ಮನ್ನು 25ರ ವೇಗದಲ್ಲಿ ಓಡಿಸಿ, ಒಂದೊಂದು ಫ್ರೇಮನ್ನೂ ಎರಡು ಫೀಲ್ಡ್ ಮಾಡುತ್ತಿದ್ದರು. ಎರಡೂ ಒಂದೇ ಕ್ಷಣದವು, ಸೀಳಿರುವುದಿಲ್ಲ. ಡಿಇಂಟರ್‌ಲೇಸ್ ಮಾಡಿದರೆ ಇರುವ ಸ್ಪಷ್ಟತೆಯೂ ಹೋಗುತ್ತದೆ. (ಎರಡೂವರೆ ಗಂಟೆಯ ಚಿತ್ರ ಹೀಗೆ ಟಿವಿಯಲ್ಲಿ ಆರು ನಿಮಿಷ ಮೊದಲೇ ಮುಗಿಯುತ್ತಿತ್ತು, ಜಾಹೀರಾತು ಬಿಟ್ಟು.)

2012ರಲ್ಲಿ ಬಂದ ಅಲ್ಟ್ರಾ ಎಚ್‌ಡಿ ಮಾನದಂಡದಲ್ಲಿ ಇಂಟರ್‌ಲೇಸ್‌ಗೆ ಜಾಗವಿಲ್ಲ. ಬಿಡಿಸುವ ತಂತ್ರಗಳು ಮಾತ್ರ ಇನ್ನೂ ಸುಧಾರಿಸುತ್ತಲೇ ಇವೆ. ಕ್ಯಾಸೆಟ್ಟನ್ನು ಅಂಗಡಿಗೆ ಕೊಡುವಾಗ, ಸರಿಪಡಿಸಿದ ಎಂಪಿ4 ಜೊತೆಗೆ ಫೀಲ್ಡುಗಳು ಹಾಗೇ ಇರುವ ಮೂಲ ಕ್ಯಾಪ್ಚರ್ ಫೈಲನ್ನೂ ಕೇಳಿ ಪಡೆಯಿರಿ. ಡಿವಿ ರೂಪದಲ್ಲಾದರೆ ಗಂಟೆಗೆ ಸುಮಾರು 13 ಜಿಬಿ, ಸಾಮಾನ್ಯ ಪೆನ್‌ಡ್ರೈವಿನಲ್ಲೇ ಹಿಡಿಸುತ್ತದೆ.