ವೃಷಭಾವತಿಯ ಹರಿವಿನ ರೇಖಾಕೃತಿ: ಐತಿಹ್ಯದ ಬಿಂದು, ಗಣಿತದ ಅಂಚು

ಹರಿಯುವ ನೀರಿನ ವರ್ತನೆಯನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವ ಕಾರ್ಯ ಒಂದು ಚಿತ್ರದಿಂದ ಆರಂಭವಾಗುತ್ತದೆ. ನೀರು ಎಲ್ಲಿ ಇರಬಹುದು, ಎಲ್ಲಿ ಇರಲಾಗದು ಎಂಬುದನ್ನು ಈ ಸಮತಲ ರೇಖಾಕೃತಿ ನಿರ್ಧರಿಸುತ್ತದೆ. ಚಿತ್ರ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಬೇರೊಂದು ಊರಿನದಾಗುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ನೀರನ್ನು ಅರ್ಕಾವತಿಗೆ, ಅದರ ಮೂಲಕ ಕಾವೇರಿಗೆ ಒಯ್ಯುವ ವೃಷಭಾವತಿ ಇದಕ್ಕೊಂದು ಉತ್ತಮ ನಿದರ್ಶನ.

ಈ ನದಿಯ ಹುಟ್ಟಿನ ಬಗ್ಗೆ ಎರಡು ಹೇಳಿಕೆಗಳಿವೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಅದು ಉದ್ಭವಿಸಿತೆಂಬುದು ಒಂದು. ಸುಂಕೇನಹಳ್ಳಿಯ ಕಡಲೆಕಾಯಿ ಹೊಲ ಮೇಯ್ದ ಬಸವನ ಕತೆ, ಕಾರ್ತಿಕ ಮಾಸದ ಕಡೆಯ ಸೋಮವಾರದ ಪರಿಷೆ ಈ ನೆಲಕ್ಕೇ ಸೇರಿದವು. ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥವೇ ಮೂಲವೆಂಬುದು ಇನ್ನೊಂದು. ಅಲ್ಲಿ ನಂದಿಯ ಬಾಯಿಂದ ಬಿದ್ದ ನೀರು ಲಿಂಗವನ್ನು ತೋಯಿಸಿ ಕಲ್ಯಾಣಿ ಸೇರುತ್ತದೆ.

ಸಮತಲ ಆಕೃತಿಯ ರಚನೆ ಚುಕ್ಕಿಗಳಿಂದ ಮೊದಲಾಗುತ್ತದೆ. ಪ್ರತಿ ಚುಕ್ಕಿಗೆ ಎರಡು ಅಳತೆ: ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು. ಚುಕ್ಕಿಗಳನ್ನು ಕೂಡಿಸಿದ ಗೆರೆ ತಿರುಗಿ ಮೊದಲ ಚುಕ್ಕಿಗೇ ಬಂದು ಮುಚ್ಚಿಕೊಳ್ಳಬೇಕು. ಕೂದಲೆಳೆಯಷ್ಟು ತೆರವಿದ್ದರೂ ಒಳಗು ಯಾವುದು, ಹೊರಗು ಯಾವುದು ಎಂಬುದು ಯಂತ್ರಕ್ಕೆ ತಿಳಿಯದು. ಎಳೆ ರಂಗೋಲಿ ಬಲ್ಲವರಿಗೆ ಈ ನಿಯಮ ಅಪರಿಚಿತವಲ್ಲ. ಆದರೆ ಹೋಲಿಕೆಯನ್ನು ಹೆಚ್ಚು ಎಳೆಯಬಾರದು: ರಂಗೋಲಿಯ ಎಳೆ ತನ್ನನ್ನೇ ದಾಟಿ ಸುತ್ತಬಹುದು, ಹರಿವಿನ ಎಲ್ಲೆ ಹಾಗೆ ದಾಟುವಂತಿಲ್ಲ. ಸೇತುವೆಯ ಕಂಬ, ಮನೆಗಳ ಸಾಲು ಆಕೃತಿಯೊಳಗಿನ ರಂಧ್ರಗಳಾಗುತ್ತವೆ. ೧೮೯೨ರ ಚಾಮರಾಜಪೇಟೆಯಂತಹ ನೇರ ಬೀದಿಗಳ ಬಡಾವಣೆಯಲ್ಲಿ ಜೋರು ಮಳೆಯ ಹೊತ್ತು ರಸ್ತೆಯೇ ಕಾಲುವೆಯಾಗುವುದರಿಂದ ಈ ರಂಧ್ರಗಳನ್ನು ಬಿಡುವಂತಿಲ್ಲ. ಅನಂತರ ಆಕೃತಿಯನ್ನು ಸಣ್ಣ ತ್ರಿಕೋನಗಳ ಬಲೆಯಾಗಿ ಒಡೆಯುತ್ತಾರೆ; ತಿರುವು, ಇಕ್ಕಟ್ಟುಗಳಲ್ಲಿ ಬಲೆ ಒತ್ತಾಗಿರಬೇಕು. ಪ್ರವಾಹದ ಹರವು ಆಳಕ್ಕಿಂತ ಬಹುಪಾಲು ಹೆಚ್ಚಾದ್ದರಿಂದ ಮೇಲಿಂದ ಕೆಳಗಿನವರೆಗಿನ ವೇಗಕ್ಕೆ ಸರಾಸರಿ ಹಿಡಿದರೆ ಸಾಕು. ನೆಲದ ಎತ್ತರವನ್ನು ಬಲೆಯ ಪ್ರತಿ ಚುಕ್ಕಿಗೂ ಅಂಕಿಯಾಗಿ ಸೇರಿಸುತ್ತಾರೆ. ಎರಡು ಆಯಾಮದ ಚಿತ್ರದಲ್ಲಿ ಮೂರನೆಯದು ಉಳಿಯುವುದು ಹೀಗೆ.

ಇನ್ನು ಎಲ್ಲೆಯ ಪ್ರತಿ ಭಾಗಕ್ಕೂ ಒಂದು ಹೆಸರು ಬೇಕು: ನೀರು ಬರುವ ಅಂಚು, ಹೋಗುವ ಅಂಚು, ಗೋಡೆ. ಐತಿಹ್ಯಕ್ಕೂ ಗಣಿತಕ್ಕೂ ಭಿನ್ನಾಭಿಪ್ರಾಯ ಹುಟ್ಟುವುದು ಇಲ್ಲಿಯೇ. ಐತಿಹ್ಯ ನದಿಗೆ ಒಂದು ಬಿಂದುವನ್ನು ಕೊಡುತ್ತದೆ. ಮಳೆಯಾದರೋ ಇಡೀ ಜಲಾನಯನದ ಮೇಲೆ ಸುರಿಯುತ್ತದೆ. ಬಸವನ ಪಾದವನ್ನೋ ನಂದಿಯ ಬಾಯನ್ನೋ ಏಕೈಕ ಪ್ರವೇಶವೆಂದು ಗುರುತಿಸಿದರೆ ಕಾಲುವೆಯಲ್ಲಿ ಹನಿ ನೀರೂ ಏರದು. ಹಾಗೆಂದು ಈ ಹೇಳಿಕೆಗಳನ್ನು ಬರಿಯ ಕತೆಯೆಂದು ಬದಿಗಿಡುವುದೂ ಸರಿಯಲ್ಲ. ಎರಡೂ ಗುಡಿಗಳು ಎತ್ತರದ ನೆಲದಲ್ಲಿವೆ. ನೀರು ಯಾವ ಏರಿನಿಂದ ಇಳಿಯತೊಡಗುತ್ತದೆ ಎಂಬ ಅರಿವು ಹೇಳಿಕೆಗಳಲ್ಲಿ ಉಳಿದಿದೆ; ಆಕೃತಿಯ ಹೊರ ಎಲ್ಲೆ ಸಾಗಬೇಕಾದುದು ಅಂತಹ ಏರುಗಳ ಮೇಲೆಯೇ.

ಇದನ್ನು ಕಡೆಗಣಿಸಿದರೆ ಆಗುವ ತೊಂದರೆ ಕೆಂಪಾಂಬುಧಿ ಕೆರೆಯ ಬಳಿ ಸ್ಪಷ್ಟವಾಗುತ್ತದೆ. ಚಾಮರಾಜಪೇಟೆಗೂ ಗವಿಪುರಕ್ಕೂ ಸಮೀಪದ ಈ ಕೆರೆಯನ್ನು ಇಂದಿನ ದಡ, ಇಂದಿನ ಬೇಲಿಗಷ್ಟೇ ಸೀಮಿತಗೊಳಿಸಿ ಎಲ್ಲೆ ಎಳೆದರೆ ಆ ಗೆರೆ ಗಣಕಯಂತ್ರಕ್ಕೆ ಮುಗಿಲೆತ್ತರದ ಗೋಡೆ. ನಿಜವಾದ ದಡವನ್ನು ನೀರು ಮೀರಿ ಮನೆಯೊಳಗೆ ನುಗ್ಗುತ್ತದೆ. ಗೋಡೆಯೆಂದು ಬರೆದ ಗೆರೆಯನ್ನು ಅದು ಎಷ್ಟು ಏರಿದರೂ ದಾಟದು. ಹಾಗಾಗಿ ಕೆರೆಯ ಮಟ್ಟ ಸುಳ್ಳಾಗಿ ಮೇಲೇರುತ್ತದೆ, ಪಕ್ಕದ ಬೀದಿ ಚಿತ್ರದಲ್ಲಿ ಒಣಗಿಯೇ ಇರುತ್ತದೆ.